ದವಡೆಗೆ ಬಂದ ಕಾಲಿನ ಮೂಳೆ

ನನ್ನ ಮಾತಿನಲ್ಲಿ ಪಕಾರ ಬಕಾರಗಳು ಅಲ್ಲಲ್ಲಿ ಎಡವಿದರೆ ಮನ್ನಿಸಬೇಕು. 32 ವರ್ಷ ತರಗತಿಯಲ್ಲಿ ಪರರ ಉಚ್ಚಾರಣೆಯನ್ನು ತಿದ್ದಿದವನ ದವಡೆಯಲ್ಲಿ ಈಗಿರುವುದು ಅವನ ಎಡಗಾಲಿನ ಮೂಳೆ.

ಎಲೆಯಡಕೆಯ ಚಟವಿದ್ದ ನನಗೆ ಬಾಯಿಯ ಕ್ಯಾನ್ಸರ್ ಬಂದಿತು, ಕಿರಣಚಿಕಿತ್ಸೆಯಿಂದ ವಾಸಿಯಾಯಿತು. ಆ ಋಣ ದೊಡ್ಡದು. ಆದರೆ ರೋಗವನ್ನು ಸುಡುವ ಕಿರಣ ದಾರಿಯಲ್ಲಿ ಸಿಕ್ಕ ಮೂಳೆಯ ಸೂಕ್ಷ್ಮ ರಕ್ತನಾಳಗಳನ್ನೂ ಬತ್ತಿಸುತ್ತದೆ. ಅಂಥ ಮೂಳೆ ವರ್ಷಗಟ್ಟಲೆ ಸುಮ್ಮನಿರಬಹುದು. ಗಾಯವಾದರೆ ಮಾತ್ರ ಮಾಯುವ ಶಕ್ತಿ ಅದಕ್ಕೆ ಕಡಿಮೆ. ಐದು ವರ್ಷಗಳ ಅನಂತರ ನಾನೊಂದು ಹಲ್ಲು ಕೀಳಿಸಿಕೊಂಡೆ. ಹಳೆಯ ಕಥೆಯೇಕೆಂದು ಕಿರಣದ ವಿಷಯವನ್ನು ದಂತವೈದ್ಯರಿಗೆ ಹೇಳಲಿಲ್ಲ. ತಪ್ಪು ನನ್ನದೇ, ಅಂಥ ಚಿಕಿತ್ಸೆ ಪಡೆದವರು ದಯವಿಟ್ಟು ಹೇಳಬೇಕು. ಹಲ್ಲಿನ ಗುಳಿ ಮಾಯಲಿಲ್ಲ. ಮೂಳೆ ಹೊರಗಿಣುಕಿತು, ಗಲ್ಲದಡಿಯಲ್ಲಿ ಕೀವು ಒಸರಿತು. ಒಂದು ಬೆಳಗ್ಗೆ ಇಡ್ಲಿ ತಿನ್ನುತ್ತಿದ್ದಾಗ ದವಡೆ ಮುರಿಯಿತು. ಕಲ್ಲಲ್ಲ, ಇಡ್ಲಿ!

ಸತ್ತ ಮೂಳೆಯನ್ನು ತೆಗೆದು ಅಲ್ಲಿ ಬರಿಯ ಮೂಳೆಯ ತುಂಡನ್ನಿಟ್ಟರೆ ಅದು ಹಿಡಿಯುವುದು ಕಷ್ಟ. ಸುತ್ತಣ ನೆಲವೇ ಬರಡು. ಸಸಿಯನ್ನು ಬೇರಿನ ಮಣ್ಣಿನ ಸಮೇತ ಎತ್ತಿ ನೆಡುವಂತೆ, ಮೂಳೆಯನ್ನು ಅದರ ರಕ್ತನಾಳ ಮತ್ತು ಚರ್ಮದೊಡನೆ ತರಬೇಕು. ಇದೇ ಫ್ಲ್ಯಾಪ್. ಮೊಣಕಾಲಿನ ಕೆಳಗೆ ಹೊರಬದಿಗಿರುವ ತೆಳುಮೂಳೆ, ಫಿಬುಲಾ, ಮೈಭಾರ ಹೊರುವುದು ಅತ್ಯಲ್ಪ. ಎರಡೂ ತುದಿಗಳನ್ನುಳಿಸಿ ನಡುಭಾಗವನ್ನು ತೆಗೆದರೂ ಮನುಷ್ಯ ನಡೆಯಬಲ್ಲ. ಅದನ್ನು ದವಡೆಗೆ ಬಳಸಿದ ಕ್ರಮವನ್ನು ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ನೇರ ಮೂಳೆಯನ್ನು ಅಲ್ಲಲ್ಲಿ ಕೊಯ್ದು ದವಡೆಯ ಬಾಗಿಗೆ ಹೊಂದಿಸಿ, ಲೋಹದ ಪಟ್ಟಿಯಿಂದ ಬಿಗಿದು, ಅದರ ನಾಳಗಳನ್ನು ಕತ್ತಿನ ನಾಳಗಳಿಗೆ ಸೂಕ್ಷ್ಮದರ್ಶಕದಡಿಯಲ್ಲಿ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ.

ಆ ರಾತ್ರಿ ಗಂಟೆಗೊಮ್ಮೆ ದಾದಿ ಬಂದು ಟಾರ್ಚು ಹಿಡಿದು ನನ್ನ ಬಾಯೊಳಗಿನ ಕಾಲಿನ ಚರ್ಮವನ್ನು ನೋಡುತ್ತಿದ್ದಳು. ಬಣ್ಣ ಕಪ್ಪಿಟ್ಟರೆ ನಾಳ ಕಟ್ಟಿತೆಂದರ್ಥ; ಮತ್ತೆ ಕೊಯ್ಯಬೇಕು. ಹೇಗಿದ್ದೇನೆಂದು ಆಕೆ ನನ್ನನ್ನು ಕೇಳಲೇ ಇಲ್ಲ, ಆ ಚರ್ಮವನ್ನೇ ಕೇಳಿದಳು. ಅದು ಬದುಕಿತು. ಈಗ ಬಾಯೊಳಗೆ ರೋಮ ಬೆಳೆಯುತ್ತದೆ, ಅದನ್ನೂ ಕತ್ತರಿಸಿಕೊಳ್ಳುತ್ತೇನೆ.

ಕತ್ತಿನ ಉಸಿರುನಳಿಕೆ ತೆಗೆದ ದಿನ ಹೆಂಡತಿ, "ಹೇಗಿದ್ದೀರಿ?" ಎಂದಳು. "ಪರವಾಗಿಲ್ಲ" ಎನ್ನಹೊರಟೆ; "ಹರವಾಗಿಲ್ಲ" ಎಂದಿತು ಬಾಯಿ. ಪಕಾರ ಹಕಾರವಾಗಲು ಕನ್ನಡಕ್ಕೆ ಶತಮಾನಗಳು ಬೇಕಾದವು. ನನಗೆ ಒಂದು ಶಸ್ತ್ರಚಿಕಿತ್ಸೆ ಸಾಕಾಯಿತು. ಆಕೆಗೆ ಈ ವಿನೋದ ತಿಳಿಯಲಿಲ್ಲ, ಅಳುತ್ತಿದ್ದಳು. ಕನ್ನಡಿಯ ಮುಂದೆ ಕುಳಿತು ತುಟಿ ಕೂಡಿಸುವುದನ್ನು ಕಲಿತೆ. ಪಂಪನ ಹೆಸರನ್ನು ಸರಿಯಾಗಿ ಹೇಳಲು ಐದು ತಿಂಗಳು ಹಿಡಿಯಿತು.