ಕ್ಯಾಮೆರಾ ಮನೆಯೊಳಗೆ ಬಂದಾಗ



ನಾನು ಚಲನಚಿತ್ರ ವಿಮರ್ಶಕನಲ್ಲ. ಕೇಂದ್ರ ಸರಕಾರದ ಕಡತಗಳ ನಡುವೆ ಮೂರು ದಶಕ ಸವೆಸಿದವನು. ಕಡತದಲ್ಲಿ ಮನುಷ್ಯನ ಜಾತಿಗೆ, ಮಾತೃಭಾಷೆಗೆ, ಹುಟ್ಟೂರಿಗೆ ಒಂದೊಂದು ಅಂಕಣ, ಅಂಕಣಕ್ಕೆ ಒಂದೇ ಉತ್ತರ. ನನ್ನ ಈ ಅಭ್ಯಾಸವನ್ನು ಕದಡಿದ್ದು ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರಗಳು.

1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗಾದ ಅವಮಾನವನ್ನು ಪ್ರತಿಭಟಿಸಿ ಜನ ಬೀದಿಗಿಳಿದರು. ಪೊಲೀಸರ ಗುಂಡಿಗೆ ಹತ್ತು ಮಂದಿ ಬಲಿಯಾದರು. ಕೆಲವೇ ದಿನಗಳಲ್ಲಿ ದಲಿತ ಕವಿ, ಗಾಯಕ ವಿಲಾಸ್ ಘೋಗ್ರೆ ನೇಣಿಗೆ ಕೊರಳೊಡ್ಡಿದರು. ಬಾಳೆಲ್ಲ ಎಡಪಂಥದ ವೇದಿಕೆಗಳಲ್ಲಿ ಹಾಡಿದ ಅವರು ಸಾಯುವಾಗ ತಲೆಗೆ ಕಟ್ಟಿಕೊಂಡದ್ದು ನೀಲಿ ಬಟ್ಟೆ. ಇವರನ್ನು ಯಾವ ಅಂಕಣದಲ್ಲಿ ಬರೆಯೋಣ? ಕೊಳೆಗೇರಿ ನಿವಾಸಿಗಳನ್ನು ಕುರಿತ ಪಟವರ್ಧನ್ ಅವರ 1985ರ ‘ಬಾಂಬೆ: ಅವರ್ ಸಿಟಿ’ಯಲ್ಲಿ ಘೋಗ್ರೆ ಹಾಡಿದ್ದರು. ಆ ಸಾವಿನ ಬೆನ್ನು ಹತ್ತಿ ಪಟವರ್ಧನ್ ಹದಿನಾಲ್ಕು ವರ್ಷ ಚಿತ್ರೀಕರಿಸಿದರು. 2011ರಲ್ಲಿ ‘ಜೈ ಭೀಮ್ ಕಾಮ್ರೇಡ್’ ಸಿದ್ಧವಾಯಿತು. ಗುಂಡು ಹಾರಿಸಲು ಆಜ್ಞೆಯಿತ್ತ ಪೊಲೀಸ್ ಅಧಿಕಾರಿಗೆ ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2009ರಲ್ಲಿ. ಸರಕಾರಿ ಸೇವೆಯಲ್ಲಿದ್ದವನಾಗಿ ಈ ಹನ್ನೆರಡು ವರ್ಷಗಳ ಲೆಕ್ಕ ನನಗೆ ಇಂದಿಗೂ ಮುಜುಗರ ತರುತ್ತದೆ.

2023ರ ‘ವಸುಧೈವ ಕುಟುಂಬಕಂ’ನಲ್ಲಿ ಅದೇ ಕ್ಯಾಮೆರಾ ಅವರ ಮನೆಯೊಳಗೇ ಬರುತ್ತದೆ. ತಾಯಿ ನಿರ್ಮಲಾ ಸಿಂಧ್‌ನಲ್ಲಿ ಹುಟ್ಟಿದ ಕುಂಭಕಲಾವಿದೆ. ದೊಡ್ಡಪ್ಪ ಅಚ್ಯುತ ಪಟವರ್ಧನ್ 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದವರು. ವಯಸ್ಸಾದ ತಂದೆತಾಯಿ ಒಬ್ಬರನ್ನೊಬ್ಬರು ಹಾಸ್ಯ ಮಾಡುತ್ತ ಆಡುವ ಮಾತುಗಳಲ್ಲೇ ದೇಶವಿಭಜನೆ, ಸ್ವಾತಂತ್ರ್ಯ ಸಮರಗಳೂ ಇಣುಕುತ್ತವೆ. ಹಾಗೆಂದು ಅದು ಮನೆತನದ ಹೊಗಳಿಕೆಯಲ್ಲ.

ಅದನ್ನು ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ತಂದೆಯವರು ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಅಲ್ಲಿ ಜೊತೆಗಿದ್ದ ಹುಡುಗನೊಬ್ಬನ ಜಾತಿ ತಿಳಿದ ಮರುದಿನವೇ ಅವನನ್ನು ಹೊರಹಾಕಿದ ಸಂಗತಿಯನ್ನು ಒಮ್ಮೆ, ಒಮ್ಮೆ ಮಾತ್ರ, ಹೇಳಿದ್ದರು. “ನಾವು ಯಾರೂ ಬಾಯಿ ತೆರೆಯಲಿಲ್ಲ” ಎಂದು ಎದ್ದು ಹೋದರು. ಹುಡುಗನ ಹೆಸರು ಕೇಳಲು ನನಗೆ ತೋಚಲಿಲ್ಲ. ಮನೆಯಲ್ಲಿರುವುದು ತಂಗಿಯ ಮದುವೆಯ ವಿಡಿಯೋ ಒಂದೇ. ಅದರಲ್ಲಿ ಅಪ್ಪ ಸಾರಿನ ಪಾತ್ರೆ ಹಿಡಿದು ಎರಡು ಬಾರಿ ಹಾದುಹೋಗುತ್ತಾರೆ. ಮಾತು ವಾದ್ಯದ ಸದ್ದಿನಲ್ಲಿ ಮುಳುಗಿದೆ.

ಹೋಟೆಲಿನಿಂದ ಮೇಲೆ ಬಂದವರ ಸಾಹಸವನ್ನು ನಮ್ಮ ಸ್ಮರಣ ಸಂಚಿಕೆಗಳು ಸಾಕಷ್ಟು ಬರೆದಿವೆ. ಹೊರಹಾಕಲ್ಪಟ್ಟವನಿಗೆ ಅಲ್ಲಿ ಒಂದು ಸಾಲೂ ಇಲ್ಲ. ಮುಂದಿನ ಸಾಲಿನಲ್ಲಿ ಎಂಬತ್ತು ದಾಟಿದ ಹಿರಿಯರು ಕೆಲವರಿದ್ದಾರೆ. ಸಭೆ ಮುಗಿದ ಮೇಲೆ, ಅಪ್ಪಣೆಯಾದರೆ, ನಾನು ಅವರ ಬಳಿ ಕುಳಿತುಕೊಳ್ಳುತ್ತೇನೆ. ಆ ಹುಡುಗನನ್ನು ಬಲ್ಲವರು ಅವರಲ್ಲಿ ಇರಬಹುದು.