ಜರ್ಮನಿಯಲ್ಲಿ ಸ್ಟಿಯರಿಂಗ್ ಹಿಡಿಯುವ ಮುನ್ನ



ಪುಣೆ, ಚೆನ್ನೈ ಕಡೆ ವಾಹನ ತಯಾರಿಕೆಯ ಕಂಪನಿಗಳಲ್ಲಿ ದುಡಿಯುವ ನಮ್ಮವರಿಗೆ ಜರ್ಮನಿ ಪ್ರವಾಸ ಅಪರೂಪವೇನಲ್ಲ. ಟಿಕೆಟ್, ವೀಸಾ, ಹೋಟೆಲ್ ಎಲ್ಲವನ್ನೂ ಆಫೀಸೇ ನೋಡಿಕೊಳ್ಳುತ್ತದೆ. ಜೊತೆಗೆ ಒಂದು ಮಾತು ಹೇಳುತ್ತಾರೆ: ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಕೂಡಲೇ ಬಾಡಿಗೆ ಕಾರು ತೆಗೆದುಕೊಂಡು ಸ್ಟುಟ್‌ಗಾರ್ಟ್‌ಗೆ ಬಂದುಬಿಡಿ. ಸುಮಾರು 200 ಕಿಲೋಮೀಟರ್ ದಾರಿ. ಎಕ್ಸ್‌ಪ್ರೆಸ್‌ವೇಯಲ್ಲಿ ವರ್ಷಗಟ್ಟಲೆ ಓಡಿಸಿದವರಿಗೆ ಇದೇನು ಮಹಾ ಅನಿಸಬಹುದು. ಆದರೂ ಹೊರಡುವ ಮುಂಚೆ ಕೆಲವು ವಿಷಯ ತಿಳಿದಿರಲಿ.

ಮೊದಲು ಕಾಗದಪತ್ರ. ನಿಮ್ಮ ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಅದೊಂದೇ ಸಾಲದು, ಇಲ್ಲಿಯ ಮೂಲ ಲೈಸೆನ್ಸ್ ಕೂಡ ಜೇಬಿನಲ್ಲಿರಬೇಕು. ನಮ್ಮವರಿಗೆ ಇನಿಷಿಯಲ್‌ಗಳ ತೊಡಕು ಬೇರೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಇರುತ್ತದೆ, ಲೈಸೆನ್ಸಿನಲ್ಲಿ ಬರೀ ಎರಡಕ್ಷರ. ಇದನ್ನು ಮೊದಲೇ ಸರಿಪಡಿಸಿಕೊಳ್ಳಿ. ಅಲ್ಲಿಯೇ ನೆಲೆಸಲು ಹೋಗುವವರಾದರೆ ಇನ್ನೊಂದು ಮಾತು. ವಾಸ ಆರಂಭಿಸಿದ ಮೇಲೆ ನಮ್ಮ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ಓಡಿಸಿ ತೋರಿಸುವ ಪರೀಕ್ಷೆ ಎರಡನ್ನೂ ಅಲ್ಲಿ ಪಾಸು ಮಾಡಬೇಕು.

ಬಾಡಿಗೆ ಕರಾರನ್ನು ಓದದೆ ಸಹಿ ಹಾಕಬೇಡಿ. ಅಪಘಾತವಾದರೆ ವಿಮೆ ಎಷ್ಟು ಭರಿಸುತ್ತದೆ, ನಮ್ಮ ಕೈಯಿಂದ ಎಷ್ಟು ಹೋಗುತ್ತದೆ, ಆ ಹಣ ಕಂಪನಿಯದೋ ನಿಮ್ಮದೋ ಎಂಬುದನ್ನು ಇಲ್ಲಿಂದ ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ಕರಾರಿನಲ್ಲಿ ಹೆಸರಿಲ್ಲದ ಸಹೋದ್ಯೋಗಿಯ ಕೈಗೆ ಕೀಲಿ ಕೊಡಬೇಡಿ.

ಇನ್ನು ರಸ್ತೆ. ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ, ಸ್ಟಿಯರಿಂಗ್ ಎಡಕ್ಕೆ. ನೆನಪಿಡಲು ಒಂದು ಉಪಾಯವಿದೆ: ಇಲ್ಲಿರಲಿ, ಅಲ್ಲಿರಲಿ, ಚಾಲಕ ಕೂರುವ ಬದಿ ರಸ್ತೆಯ ಮಧ್ಯದ ಕಡೆಗೆ ಇರಬೇಕು. ಫಲಕವಾಗಲಿ ಸಿಗ್ನಲ್ಲಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಅದು ಎಷ್ಟೇ ಚಿಕ್ಕ ಗಲ್ಲಿಯಾಗಿದ್ದರೂ ಸರಿ, ನೀವು ನಿಲ್ಲಲೇಬೇಕು. ಊರೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿಲೋಮೀಟರ್ ಮಿತಿ. ಆಟೋಬಾನ್ ಎಂಬ ಹೆದ್ದಾರಿಯ ಕೆಲವು ಭಾಗಗಳಲ್ಲಿ ವೇಗಕ್ಕೆ ಮಿತಿಯಿಲ್ಲ, ಆದರೆ 130 ದಾಟದಿರಲು ಸಲಹೆಯಿದೆ. ಎಡದ ಲೇನ್ ಇರುವುದು ಹಿಂದಿಕ್ಕುವುದಕ್ಕೆ ಮಾತ್ರ. ಹಿಂದಿಕ್ಕಿ ಬಲಕ್ಕೆ ಮರಳಿಬಿಡಿ. ನಮ್ಮಲ್ಲಿಯಂತೆ ಸಿಕ್ಕ ಸಂದಿಯಲ್ಲಿ ನುಗ್ಗಿ ಬಲಗಡೆಯಿಂದ ಹಿಂದಿಕ್ಕುವುದಕ್ಕೆ ಅವಕಾಶವಿಲ್ಲ. ಆಟೋಬಾನ್‌ನಲ್ಲಿ ವಾಹನಗಳು ಸಾಲುಗಟ್ಟಿ ನಿಧಾನವಾದಾಗ ಎಡ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬುಲೆನ್ಸಿಗೆ ದಾರಿ ಬಿಡಬೇಕು. ಸೈರನ್ ಕೇಳುವ ತನಕ ಕಾಯುವಂತಿಲ್ಲ.

ಇದೆಲ್ಲ ಓದಿದರೆ ತಲೆಗೆ ಹತ್ತುತ್ತದೆ. ಆದರೆ ಕೈಕಾಲಿನ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಆಡೀತು. ನಮ್ಮಲ್ಲಿ ಹೆಡ್‌ಲೈಟ್ ಮಿನುಗಿಸಿದರೆ ‘ನಾನು ಬರ್ತಿದ್ದೀನಿ, ನಿಲ್ಲು’ ಎಂದರ್ಥ. ಅಲ್ಲಿ ಎಷ್ಟೋ ವೇಳೆ ‘ನೀವು ಮೊದಲು ಹೋಗಿ’ ಎಂದು! ವಾಹನ ದಟ್ಟವಾಗಿದ್ದಾಗ ಮುಂದಿನವರನ್ನು ನೋಡಿ ನಾವೂ ಸರಿಯಾಗಿಯೇ ಹೋಗುತ್ತೇವೆ. ಅಪಾಯವಿರುವುದು ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬೀಳುವ ಗಳಿಗೆಯಲ್ಲಿ. ದಣಿದ ಕೈ ಆಗ ತಾನಾಗಿ ಎಡಕ್ಕೆ ಎಳೆಯುತ್ತದೆ.

ದಣಿವಿನ ಮಾತು ಬಂತು. ಮುಂಬೈಯಲ್ಲಿ ನಡುರಾತ್ರಿ ವಿಮಾನ ಹತ್ತಿ, ಅರೆನಿದ್ದೆಯಲ್ಲಿ ಬೆಳಗ್ಗೆ ಇಳಿದವರು ಹೊಸ ಕಾರು, ಹೊಸ ರಸ್ತೆ, ಹೊಸ ಬದಿ ಮೂರನ್ನೂ ಒಟ್ಟಿಗೆ ಎದುರಿಸಬಾರದು. ಇಲ್ಲಿ ನಮಗೆ ಅಡ್ಡಿಯಾಗುವುದು ಸಂಕೋಚ. ‘ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸಿದವನು ನಾನು, ಆಗಲ್ಲ ಅಂದರೆ ಏನಂದುಕೊಂಡಾರು’ ಎಂಬ ಸಂಕೋಚ. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ‘ಮೊದಲ ದಿನ ನಾನು ಕಾರು ಓಡಿಸುವುದಿಲ್ಲ, ರೈಲಿನಲ್ಲಿ ಬರುತ್ತೇನೆ’ ಎಂದು ಮೇಲಧಿಕಾರಿಗೆ ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡೇ ದೂರದ ಊರುಗಳ ರೈಲು ನಿಲ್ದಾಣವಿದೆ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಮರುದಿನ ಕಾರು ಪಡೆದು, ನಿಲುಗಡೆಯ ಜಾಗದಲ್ಲೇ ನಾಲ್ಕು ಸುತ್ತು ಹಾಕಿ, ಕನ್ನಡಿ, ಗೇರು, ದೀಪ ಎಲ್ಲ ಕೈಗೆ ರೂಢಿಯಾದ ಮೇಲೆ ರಸ್ತೆಗಿಳಿಯಿರಿ.

ಮೀಟಿಂಗ್ ಅರ್ಧ ದಿನ ತಡವಾದರೆ ಯಾರೂ ಮುಳುಗುವುದಿಲ್ಲ. ನಿಮ್ಮ ದಾರಿ ಕಾಯುವವರು ಮನೆಯಲ್ಲಿದ್ದಾರೆ.

ಶುಭ ಪ್ರಯಾಣ.