ಗುಮ್ಮನಿಲ್ಲದ ಶಿಶುವಿಹಾರ

ಮಕ್ಕಳನ್ನು ಅಂಕೆಯಲ್ಲಿಡುವ ಕೆಲಸವನ್ನು ನಾವು ಬಹುಕಾಲದಿಂದ ಗುಮ್ಮನಿಗೆ ಒಪ್ಪಿಸಿಬಿಟ್ಟಿದ್ದೇವೆ. ಊಟ ಮಾಡದಿದ್ದರೆ ಗುಮ್ಮ, ಮಲಗದಿದ್ದರೆ ಗುಮ್ಮ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೂ ಗುಮ್ಮನಿಗೆ ಅಂಜಿ, ಇನ್ನು ತಂಟೆ ಮಾಡುವುದಿಲ್ಲವೆಂದು ತಾಯಿಗೆ ಮಾತು ಕೊಡುತ್ತಾನೆ. ಆ ಮಾತನ್ನು ಅವನು ಎಷ್ಟರಮಟ್ಟಿಗೆ ಉಳಿಸಿಕೊಂಡನೆಂಬುದು ಗೋಕುಲಕ್ಕೆಲ್ಲ ತಿಳಿದ ಸಂಗತಿ! ಅಂಜಿಕೆಯಿಂದ ಮಾತು ದೊರೆಯಬಹುದು, ನಡತೆ ದೊರೆಯುವುದಿಲ್ಲ.

ಶಾಲೆಗಳಲ್ಲಿ ಬೆತ್ತವನ್ನೂ ಮನಸ್ಸನ್ನು ಹಿಂಸಿಸುವ ಮಾತನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿತು. ಅದು ಆರು ತುಂಬಿದ ಮಕ್ಕಳ ಕಾಯಿದೆ. ನಾನು ಹೇಳಹೊರಟಿರುವುದು ಅವರಿಗಿಂತ ಕಿರಿಯರಾದ, ಶಿಶುವಿಹಾರದ ಮಕ್ಕಳ ವಿಷಯ. ಅಲ್ಲಿ ಬೆತ್ತ ಮೂಲೆ ಸೇರಿದ ಮೇಲೆ ಅದರ ಸ್ಥಾನಕ್ಕೆ ಬಂದದ್ದು ಮಿಠಾಯಿ, ನಕ್ಷತ್ರದ ಚೀಟಿ, 'ಜಾಣ ಮಗು' ಎಂಬ ಬಿರುದು. ಇದೇ ಪ್ರೀತಿಯ ಮಾರ್ಗವೆಂದು ಹಲವರು ನಂಬಿದ್ದಾರೆ. ನನಗೆ ಹಾಗೆ ತೋರುವುದಿಲ್ಲ.

1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮೊದಲ 'ಮಕ್ಕಳ ಮನೆ'ಯನ್ನು ತೆರೆದ ಮಾರಿಯಾ ಮಾಂಟೆಸೊರಿ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಶಿಕ್ಷಕಿ ಒಬ್ಬ ಹುಡುಗನ ಕೊರಳಿಗೆ ಜಾಣನೆಂದು ಪದಕ ತೊಡಿಸಿದ್ದರು. ಇನ್ನೊಬ್ಬನನ್ನು ಶಿಕ್ಷೆಯೆಂದು ಕೋಣೆಯ ನಡುವೆ ಕುರ್ಚಿಯಲ್ಲಿ ಕೂರಿಸಿದ್ದರು. ಮೊದಲನೆಯವನು ಕೆಲಸದಲ್ಲಿ ಮುಳುಗಿ ಅತ್ತಿತ್ತ ಓಡಾಡುವಾಗ ಪದಕ ಕಳಚಿ ಬಿತ್ತು. ಕುರ್ಚಿಯಲ್ಲಿದ್ದವನು ಅದನ್ನೆತ್ತಿ ತೋರಿಸಿದರೆ, ಬೇಕಾದರೆ ನೀನೇ ಹಾಕಿಕೊ, ನನ್ನನ್ನು ನನ್ನ ಪಾಡಿಗೆ ಬಿಡು ಎನ್ನುವ ಧಾಟಿಯಲ್ಲಿ ಉತ್ತರ ಬಂತು. ದಂಡನೆಗೊಳಗಾದವನು ಪದಕ ಧರಿಸಿ ಸಂತೋಷವಾಗಿ ಕುಳಿತ. ಕೆಲಸ ಸಿಕ್ಕಿದ ಮಗುವಿಗೆ ಪದಕ ಬೇಡವಾಗಿತ್ತು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಹಿಡಿದದ್ದೂ ಇದೇ ದಾರಿ.

ನಾನು ನಡೆಸುತ್ತಿದ್ದ ಶಿಶುವಿಹಾರಕ್ಕೆ ಮೂರು ವರ್ಷದ ಹುಡುಗನೊಬ್ಬ ಬರುತ್ತಿದ್ದ. ಕಚ್ಚುತ್ತಿದ್ದ. ಎರಡು ವಾರಗಳಲ್ಲಿ ನಾಲ್ಕು ಮಕ್ಕಳ ತೋಳಿನ ಮೇಲೆ ಹಲ್ಲಿನ ಗುರುತು ಮೂಡಿತು. ಅವನನ್ನು ಬಿಡಿಸದಿದ್ದರೆ ತಮ್ಮ ಮಕ್ಕಳನ್ನೇ ಬಿಡಿಸುವುದಾಗಿ ತಾಯಂದಿರು ಬಂದು ಹೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ನಾನು ಹದಿನೈದು ದಿನಗಳ ಅವಕಾಶ ಕೇಳಿದೆ.

ಪ್ರತಿಸಲವೂ ಎಲ್ಲಿ, ಯಾವ ಹೊತ್ತಿನಲ್ಲಿ, ಅದಕ್ಕೆ ಮುಂಚೆ ಏನಾಯಿತು ಎಂದು ಬರೆದಿಡುತ್ತ ಬಂದೆವು. ಕಂಡದ್ದಿಷ್ಟು: ಬೆಳಗಿನ ಆಟದಲ್ಲಿ ಅವನು ಯಾರನ್ನೂ ಕಚ್ಚುತ್ತಿರಲಿಲ್ಲ. ಹನ್ನೊಂದರ ಹೊತ್ತಿಗೆ, ಹಸಿವಾದಾಗ, ಕೈ ತೊಳೆಯುವ ತೊಟ್ಟಿಯ ಬಳಿ ಮಕ್ಕಳೆಲ್ಲ ಒಂದೇ ಚೊಂಬಿಗೆ ಮುಗಿಬಿದ್ದಾಗ ಕಚ್ಚುತ್ತಿದ್ದ. ಅವನ ಮನೆಮಾತು ಬೇರೆ. 'ನನಗೂ ಕೊಡು' ಎನ್ನುವಷ್ಟು ಕನ್ನಡ ಅವನಿಗೆ ಬಂದಿರಲಿಲ್ಲ.

ಇನ್ನೆರಡು ಚೊಂಬು ಕೊಂಡೆವು. ಐದೈದು ಮಕ್ಕಳನ್ನು ಸರದಿಯಂತೆ ಕಳಿಸಿದೆವು. ಅವನು ಮೊದಲ ಗುಂಪಿನಲ್ಲಿ. ಆಯಮ್ಮ ಅವನ ಪಕ್ಕದಲ್ಲೇ ನಿಂತು 'ನನಗೂ ಕೊಡು' ಎಂದು ತಾವೇ ಹೇಳಿ ಅವನಿಂದಲೂ ಹೇಳಿಸುತ್ತಿದ್ದರು. ಮತ್ತೆರಡು ಸಲ ಕಚ್ಚಿದ. ಪೆಟ್ಟಾದ ಮಗುವನ್ನು ಮೊದಲು ಸಂತೈಸಿ, 'ಕಚ್ಚಿದರೆ ನೋವಾಗುತ್ತದೆ' ಎಂದಷ್ಟೇ ಹೇಳಿ, ಒದ್ದೆ ಬಟ್ಟೆ ತಂದುಕೊಡುವ ಕೆಲಸವನ್ನು ಅವನಿಗೇ ಒಪ್ಪಿಸಿದೆವು. ಅವಧಿ ಮುಗಿಯುವ ಮುನ್ನ ಕಚ್ಚುವುದು ನಿಂತಿತ್ತು. ಒಬ್ಬ ತಾಯಿ ಮಾತ್ರ ಮಗಳನ್ನು ಬಿಡಿಸಿಯೇ ಬಿಟ್ಟರು.

ಮಾತಿನ ಬಗ್ಗೆ ಇನ್ನೊಂದು ಅಂಶ. ನಮ್ಮ ಭಾಷೆಯಲ್ಲಿ ನಿಷೇಧ ಕ್ರಿಯಾಪದದ ಬಾಲಕ್ಕೆ ಬರುತ್ತದೆ. 'ಓಡಬೇಡ' ಎಂದಾಗ ಮಗುವಿನ ಕಿವಿಗೆ ಮೊದಲು ಬೀಳುವುದು ಓಟವೇ! 'ಮೆಲ್ಲಗೆ ನಡೆ' ಎಂದರೆ ಏನು ಮಾಡಬೇಕೆಂಬುದು ತಿಳಿಯುತ್ತದೆ. ಮೆಚ್ಚುಗೆಯೂ ಹಾಗೆಯೇ. 'ಜಾಣ' ಎನ್ನುವುದಕ್ಕಿಂತ 'ಚಾಪೆಗಳನ್ನೆಲ್ಲ ನೀನೇ ಸುತ್ತಿಟ್ಟೆಯಲ್ಲ' ಎನ್ನುವುದು ಮೇಲು.

ಆದರೆ ಇದೆಲ್ಲಕ್ಕೂ ಪಕ್ಕದಲ್ಲಿ ನಿಲ್ಲುವವರೊಬ್ಬರು ಬೇಕು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಅದರ ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಕ್ಕಳ ತೂಕ, ದಾಖಲೆ ಪುಸ್ತಕ, ಗರ್ಭಿಣಿಯರ ಆಹಾರ, ಮನೆ ಮನೆಯ ಭೇಟಿ ಎಲ್ಲವೂ ಆ ಕಾರ್ಯಕರ್ತೆಯ ಪಾಲಿಗೆ. ಅವರು ಗುಮ್ಮನನ್ನು ಕರೆಯುತ್ತಾರೆಂದು ದೂರುವವರು ಒಮ್ಮೆ ಹನ್ನೊಂದು ಗಂಟೆಗೆ ಅಲ್ಲಿಗೆ ಹೋಗಿ ನೋಡಬೇಕು. ಆ ಹೊತ್ತಿಗೆ ಸಹಾಯಕಿ ಒಲೆಯ ಮುಂದಿರುತ್ತಾರೆ.